ಅಂಚಿಗೆ ಬಣ್ಣ ಹಚ್ಚುತ್ತಿದ್ದ ಉರುಕುಂದಪ್ಪ ಮಾಮ

ಪುಸ್ತಕವನ್ನು ಎದುರಿನಿಂದ ನೋಡುವ ಅಭ್ಯಾಸ ಉರುಕುಂದಪ್ಪ ಮಾಮನಿಗೆ ಇರಲಿಲ್ಲ. ಪಂಚಾಂಗವಿರಲಿ, ಅಪ್ಪನ ಹತ್ತಿ ಅಂಗಡಿಯ ದಪ್ಪ ರಿಜಿಸ್ಟರಿರಲಿ, ನನ್ನ ಸ್ಕೂಲ್ ಅಟ್ಲಾಸ್ ಇರಲಿ, ಕೈಗೆ ಬಂದದ್ದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಬಂದೂಕಿನಿಂದ ಗುರಿ ಹಿಡಿದವರಂತೆ ಹಾಳೆಗಳ ಅಂಚನ್ನು ನೋಡುವರು. ಆಮೇಲೆ ಹೆಬ್ಬೆರಳ ಉಗುರನ್ನು ಆ ಅಂಚಿನ ಮೇಲೆ ಸರ್ರನೆ ಎಳೆದು ಸದ್ದು ಕೇಳುವರು. ಒಮ್ಮೆ ಕಾನ್ವೆಂಟಿನ ನನ್ನ ಸ್ಕ್ರಿಪ್ಚರ್ ನೋಟ್‌ಬುಕ್ಕನ್ನು ಹೀಗೆಯೇ ನೋಡಿ, "ಸಣ್ಣವ್ವ, ಇದರಾಗ ನಾಕು ಹಾಳಿ ಹರದೀಯಲ್ಲ?" ಅಂದರು. ಗೆಳತಿಯರಿಗೆ ಚೀಟಿ ಬರೆಯಲು ಹರಿದದ್ದು ನಿಜ. "ಸಿಸ್ಟರ್‌ಗೇ ಗೊತ್ತಾಗಿಲ್ಲ, ನಿಂಗ ಹೆಂಗ ಗೊತ್ತಾತು ಮಾಮ?" ಅಂದೆ. "ಆಕಿ ಒಳಗಿಂದು ಓದ್ತಾಳ. ನಾ ಓದಾಕ ಬರಲಾರದವ, ಹೊರಗಿಂದ ನೋಡ್ತೀನಿ" ಅಂದು ನಕ್ಕರು.

ಆಗ ನಮ್ಮ ಆದೋನಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಮಾಮ ನಮಗೆ ನೆಂಟರಲ್ಲ, ಊರ ವಾವೆಯಿಂದ ಮಾಮ. ಕೋಟೆ ಗುಡ್ಡದ ಕೆಳಗಿನ ಒಂದು ಸಂದಿಯಲ್ಲಿ ಅವರ ಮನೆ. ಮನೆಯ ಮುಂದಿನ ಪಡಸಾಲೆಯೇ ಬೈಂಡಿಂಗ್ ಅಂಗಡಿ. ಹೆಂಡತಿ ಸುಂಕಮ್ಮತ್ತೆ ಆಸ್ಪರಿ ಕಡೆಯವಳು, ಮಾತು ಅರ್ಧ ತೆಲುಗು. ಮೈದಾ ಅಂಟು ಕುದಿಸುವುದು ಆಕೆಯ ಕೆಲಸ. ಆ ಅಂಟಿನ ವಾಸನೆ, ತೊಗಲಿನ ವಾಸನೆ, ಅರಗಿನ ಕೆಂಪು ಬಣ್ಣದ ವಾಸನೆ ಎಲ್ಲ ಕೂಡಿ ಆ ಪಡಸಾಲೆಗೆ ಅದರದೇ ಒಂದು ಗಾಳಿ ಇತ್ತು. ಹೊಲಿಗೆ, ರಟ್ಟು, ತೊಗಲು ಎಲ್ಲ ಬೈಂಡರುಗಳೂ ಮಾಡುತ್ತಿದ್ದರು. ಅಂಚಿಗೆ ಬಣ್ಣ ಕಟ್ಟುವುದರಲ್ಲಿ ಮಾತ್ರ ಮಾಮನ ಸಮಕ್ಕೆ ಯಾರೂ ಇರಲಿಲ್ಲ. ಪುಸ್ತಕ ಮುಚ್ಚಿದಾಗ ಹಾಳೆಗಳೆಲ್ಲ ಸೇರಿ ಒಂದೇ ಕೆಂಪು ಕಲ್ಲಿನ ಪಟ್ಟಿಯಂತೆ ಹೊಳೆಯಬೇಕು. ತೆರೆದರೆ ಒಳಗೆ ಒಂದು ಚುಕ್ಕೆ ಬಣ್ಣವೂ ಇರಬಾರದು. ಮಾಮನ ಕೈಯಲ್ಲಿ ಹಾಗೇ ಆಗುತ್ತಿತ್ತು.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಬೋರ್ಡರ್. ಊರಿನ ಸಾಹುಕಾರರ ಮನೆಗಳಲ್ಲಿ ಇಂಗ್ಲಿಷ್ ಕಲಿತ ಹುಡುಗಿ ನಾನೊಬ್ಬಳೇ. ಅಪ್ಪನಿಗೆ ಅದೊಂದು ಷೋ. ರಜೆಗೆ ಬಂದಾಗ ಹತ್ತಿ ಪ್ರೆಸ್ಸಿನ ಮ್ಯಾನೇಜರ್ ಹಾರ್ಲೋ ದೊರೆಯ ಬಂಗಲೆಗೆ ನನ್ನನ್ನು ಕರೆದೊಯ್ದು, ಅವರ ಹೆಂಡತಿಯ ಮುಂದೆ ಕೂಡಿಸಿ, "ಮಾತಾಡವ್ವ, ಮಾತಾಡು" ಅನ್ನುವರು. ಹೀಗೆ ನನಗೆ ಮಿಸೆಸ್ ಹಾರ್ಲೋ ಪರಿಚಯ. ಊರವರ ಬಾಯಲ್ಲಿ ಆಕೆ ದೊರಸಾನಿ. ಯುದ್ಧದ ಕಾಲ, ಆಕೆಯ ಒಬ್ಬನೇ ಮಗ ಸೈನ್ಯಕ್ಕೆ ಸೇರಿ ಎಲ್ಲಿಯೋ ಮರಳುಗಾಡಿನಲ್ಲಿದ್ದ. ಸಂಜೆ ಟೀ ಆದ ಮೇಲೆ ಆಕೆ ಒಂದು ರೇಷ್ಮೆ ವಸ್ತ್ರದ ಗಂಟು ಬಿಚ್ಚಿ, ಚಿತ್ರದ ಎಲೆಗಳನ್ನು ಮೇಜಿನ ಮೇಲೆ ಹರಡಿ ನೋಡುವಳು. ಇಸ್ಪೀಟಿನಂತೆ ಇದ್ದರೂ ಇಸ್ಪೀಟಲ್ಲ. ಟ್ಯಾರೋ ಅಂತ ಅದರ ಹೆಸರು. ಎಪ್ಪತ್ತೆಂಟು ಎಲೆ, ಭವಿಷ್ಯ ಕೇಳುವುದಕ್ಕೆ. ಕುದುರೆ ಏರಿದ ಒಬ್ಬ ಯುವಕನ ಎಲೆಯನ್ನು ತನ್ನ ಮಗ ಅಂತ ಇಟ್ಟುಕೊಂಡು, ಅದರ ಸುತ್ತ ಏನೇನು ಬೀಳುತ್ತದೆ ಎಂದು ನೋಡುವಳು. ಅದರ ಮೇಲೆ ಆಕೆ ರಾತ್ರಿ ನಿದ್ದೆ ಮಾಡುವಳೋ ಇಲ್ಲವೋ ತೀರ್ಮಾನವಾಗುತ್ತಿತ್ತು.

ಆ ಎಲೆಗಳ ಸುತ್ತ ದಪ್ಪನೆಯ ಬಿಳಿ ಬಾರ್ಡರ್. ನಮ್ಮ ಸೆಕೆ, ಬೆವರು, ಹತ್ತಿಯ ಧೂಳಿನಲ್ಲಿ ಅದು ಕಂದಾಗಿ ನಾರು ನಾರಾಗಿತ್ತು. ಬೇರೆ ತರಿಸಲು ಹಡಗು ಬರುವ ಕಾಲವಲ್ಲ. "ಬಾರ್ಡರ್ ಪೂರಾ ಕತ್ತರಿಸಿ, ಚಿತ್ರದ ಕೆಳಗೆ ಅಚ್ಚಾದ ಹೆಸರುಗಳನ್ನು ಮಾತ್ರ ಉಳಿಸಿ, ಅಂಚಿಗೆ ಕೆಂಪು ಹಚ್ಚುವವರು ಯಾರಾದರೂ ಇದ್ದಾರೆಯೇ?" ಎಂದು ಆಕೆ ಕೇಳಿದಳು. ಲಂಡನ್ನಿನಲ್ಲಿ ಒಬ್ಬ ಗೆಳತಿ ಹಾಗೆ ಮಾಡಿಸಿದ್ದಳಂತೆ. ನಾನು ಕೂಡಲೇ ಉರುಕುಂದಪ್ಪ ಮಾಮನ ಹೆಸರು ಹೇಳಿದೆ. ಇಂಟರ್ಪ್ರಿಟರ್ ಕೆಲಸವೂ ನನಗೇ ಬಂತು. ಹದಿಮೂರು ವರ್ಷದವಳಿಗೆ ಅದೆಷ್ಟು ದೊಡ್ಡಸ್ತಿಕೆ.

ಮಾಮ ಒಂದು ಎಲೆಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ ಅಂಚು ನೋಡಿ, "ಪುಸ್ತಕಕ್ಕ ಹೊಲಿಗಿ ಇರ್ತೈತಿ, ಹಿಡಕೊಂಡಿರ್ತೈತಿ. ಇವು ಬಿಡಿಬಿಡಿ ಎಲಿ. ಬಣ್ಣಕ್ಕ ಬಾಳ ಆಸಿ ಇರ್ತೈತಿ ಸಣ್ಣವ್ವ, ಕೂದಲೆಳಿ ಸಂದಿ ಸಿಕ್ಕರ ಒಳಗ ಹೊಕ್ಕು ಕೂಡ್ತೈತಿ. ಹದಿನೈದು ದಿವಸ ಬೇಕು ಅಂತ ಹೇಳು" ಅಂದರು. ದೊರಸಾನಿಗೆ ಆ ನಿಧಾನ ಹಿಡಿಸಿತು. ಕೆಲಸ ಚೆನ್ನಾಗಿ ಬಂದರೆ ಬಳ್ಳಾರಿಯ ಒಂದು ಅಚ್ಚುಕೂಟದಲ್ಲಿ, ಬೈಬಲ್ಲುಗಳ ಅಂಚಿಗೆ ಬಣ್ಣ ಕಟ್ಟುವ ವಿಭಾಗಕ್ಕೆ ಇವರನ್ನೇ ಮೇಸ್ತ್ರಿ ಮಾಡಿಸುತ್ತೇನೆ, ಅಲ್ಲಿಯ ಪಾದ್ರಿಗಳು ತನಗೆ ಗೊತ್ತು ಅಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮಾಮ, "ಬರೀ ಅಂಚಿನ ಕೆಲಸ ಏನು? ಹೊಲಿಗಿ ಇಲ್ಲ, ರಟ್ಟು ಇಲ್ಲ?" ಎಂದು ಎರಡು ಸಲ ಕೇಳಿದರು. ಮನೆಗೆ ಬಂದು ಹೆಂಡತಿಗೆ ಹೇಳಿದರು. "ನುವ್ವು ಮೇಸ್ತ್ರಿವಾ!" ಎಂದು ಸುಂಕಮ್ಮತ್ತೆ ನಕ್ಕಳು. ಮೂರನೆಯ ದಿನಕ್ಕೆ ಟೈಲರ್ ಹತ್ತಿರ ಒಂದು ಕರಿ ಕೋಟಿಗೆ ಅಳತೆ ಕೊಡಿಸಿದವಳೂ ಆಕೆಯೇ.

ಎಂಟು ದಿನ ಮಾಮ ದೊರಸಾನಿಯ ಎಲೆಗಳನ್ನು ಮುಟ್ಟಲಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಕೂಡಿಸಿ ಅಷ್ಟೇ ಅಳತೆಗೆ ಕತ್ತರಿಸಿ, ಬಣ್ಣ ಹಚ್ಚಿ, ಬಿಚ್ಚಿ ನೋಡಿ, ಎಸೆದರು. ಮತ್ತೆ ಕತ್ತರಿಸಿದರು. ಊರಿನ ಮದುವೆಗಳೆಲ್ಲ ಕೆಂಪು ಚೂರಾಗಿ ಪಡಸಾಲೆಯಲ್ಲಿ ಬಿದ್ದಿದ್ದವು. ಒಂಬತ್ತನೆಯ ದಿನ ಸ್ನಾನ ಮಾಡಿ, ವಿಭೂತಿ ಹಚ್ಚಿ, ತಗಡಿನದೊಂದು ಅಳತೆ ಇಟ್ಟುಕೊಂಡು, ಒಂದೊಂದೇ ಎಲೆಯ ಬಿಳಿ ಬಾರ್ಡರನ್ನು ಕತ್ತರಿಸತೊಡಗಿದರು. ಚಾಕು ಎಳೆಯುವಾಗ ಉಸಿರು ಬಿಡುತ್ತಿರಲಿಲ್ಲ. ಕತ್ತರಿಸಿದ ಮೇಲೆ ಉಸಿರು ಬಿಟ್ಟು, ಚಿತ್ರ ನೋಡಿ ಒಂದು ಮಾತು.

ಬಂಡೆಯ ತುದಿಯಲ್ಲಿ ಗಂಟು ಹೊತ್ತು, ಆಕಾಶ ನೋಡುತ್ತ ನಿಂತವನ ಎಲೆ ಬಂದಾಗ, "ಈತ ಆಸ್ಪರಿ ಬಸ್ಸು ತಪ್ಪಿಸ್ಕೊಂಡಾನ ನೋಡು" ಅಂದರು. ಒಂದು ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ನೇತುಬಿದ್ದವನನ್ನು ಬಹಳ ಹೊತ್ತು ನೋಡಿದರು.

"ಇವನ್ಯಾಕ ಉಲ್ಟಾ ಜೋತ ಬಿದ್ದಾನ?"

"ಏನೋ ಶಿಕ್ಷಾ ಇರಬೇಕು ಮಾಮ."

"ಮುಖದಾಗ ನೋವ ಇಲ್ಲಲ್ಲ. ನಮ್ಮ ಅಳಿಯ ಉಂಡು ಮಕ್ಕೊಂಡಂಗ ಅದಾನ."

ಒಳಗಿನಿಂದ ಸುಂಕಮ್ಮತ್ತೆ, "ಅಳಿಯನ ಸುದ್ದಿ ಯಾಕ? ಆತ ನಿನ್ನಂಗ ಚೂರು ಕತ್ತರಿಸಿಕೊಂತ ಕೂಡಾದಿಲ್ಲ, ನಾಕ ಊರು ತಿರುಗ್ತಾನ" ಅಂದಳು. "ಅದಕ್ಕ ಮಕ್ಕೊಂಡಾನ ಅಂದೆ" ಅಂದರು ಮಾಮ, ತಲೆ ಎತ್ತದೆ.

ಹೀಗೆ ನಗುತ್ತ ಇದ್ದಾಗಲೇ ಒಂದು ಎಲೆ ಕೈಗೆ ಬಂತು. ಮಾಮ ಅದನ್ನು ನೋಡಿ ಪಟ್ಟನೆ ಅಂಗೈ ಮುಚ್ಚಿದರು. ನನಗೆ ಕಂಡದ್ದು ಒಂದು ರೆಕ್ಕೆ ಮಾತ್ರ. "ತೋರಿಸು ಮಾಮ" ಅಂದೆ. "ನೀ ನೋಡುವಂಥದ್ದಲ್ಲ. ಇದರಾಗ ಯಾರೂ ಬಟ್ಟಿ ಉಟ್ಟಿಲ್ಲ. ದೊಡ್ಡಾಕಿ ಆದ ಮ್ಯಾಲ ದೊರಸಾನಿನ್ನ ಕೇಳಿ ನೋಡಂತಿ" ಅಂದರು. ಆಮೇಲೆ ಅಂಥವು ಮೂರು ನಾಲ್ಕು ಬಂದವು. ಎಲ್ಲವನ್ನೂ ಮುಖ ಕೆಳಗೆ ಮಾಡಿ ಗಂಟಿನ ತಳಕ್ಕೆ ಸೇರಿಸಿದರು. ಅವುಗಳ ಮೇಲೆ ಬಂದದ್ದು ಕುದುರೆಯ ಯುವಕ.

ಬಣ್ಣ ಹಚ್ಚುವ ದಿನ ಎಲೆಗಳನ್ನೆಲ್ಲ ತಟ್ಟಿ ಸಮ ಮಾಡಿ, ಎರಡು ಹಲಗೆಗಳ ನಡುವೆ ಇಟ್ಟು ಶಿಕಂಜಾಕ್ಕೆ ಹಾಕಿದರು. ಶಿಕಂಜಾ ಅಂದರೆ ಪುಸ್ತಕ ಬಿಗಿಯುವ ಮರದ ಒತ್ತು. ಮೇಲೊಂದು ದಪ್ಪ ತಿರುಪು, ಅದರ ತೂತಿಗೆ ಕಬ್ಬಿಣದ ಸಲಾಕೆ ತೂರಿಸಿ ತಿರುಗಿಸಬೇಕು. ಮಾಮ ಕಾಲು ಊರಿ ತಿರುಗಿಸಿದರು. ಗಾಜಿನ ಚೂರಿನಿಂದ ಅಂಚು ಹೆರೆದು, ಪಟಿಕದ ನೀರು ಒರೆಸಿ, ಅರಗಿನ ಕೆಂಪನ್ನು ಬಟ್ಟೆಯ ತುದಿಯಿಂದ ತೆಳ್ಳಗೆ ಹಚ್ಚಿದರು. ಒಂದು ಪದರ ಅರ್ಧ ಆರಿದ ಮೇಲೆ ಇನ್ನೊಂದು. ನಾಲ್ಕನೆಯದಾದ ಮೇಲೆ, "ಸಣ್ಣವ್ವ, ನಾ ಉಂಡು ಬರ್ತೀನಿ. ಇದು ಹಸಿ ಐತಿ. ನೊಣ ಕೂಡಬಾರದು, ಧೂಳ ಬೀಳಬಾರದು. ನೀ ಇಲ್ಲೇ ಕುಂತು ಬೀಸಣಿಗಿ ಬೀಸು. ಬ್ಯಾರೆ ಯಾರನ್ನೂ ಕೂಡಸೂದಿಲ್ಲ ನಾ" ಅಂದರು.

ಕೊನೆಯ ಆ ಮಾತಿನಿಂದ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂಬುದು ನೆನಪಿದೆ. ಆ ಹೆಮ್ಮೆಯಲ್ಲೇ ಒಂದು ಐದು ನಿಮಿಷ ಬೀಸಿದೆ ಕೂಡ.

ಕಾನ್ವೆಂಟಿಗೆ ಹಿಂದಿರುಗಲು ನಾಲ್ಕೇ ದಿನ ಉಳಿದಿತ್ತು. ಡಾರ್ಮಿಟರಿಯಲ್ಲಿ ಹುಡುಗಿಯರಿಗೆ ಹೇಳಲು ಮಾಮ ಮುಚ್ಚಿಟ್ಟ ಆ ಬೆತ್ತಲೆ ಚಿತ್ರಕ್ಕಿಂತ ದೊಡ್ಡ ಸುದ್ದಿ ಯಾವುದು? ಸಲಾಕೆ ಗೋಡೆಗೆ ಒರಗಿತ್ತು. ಎರಡೂ ಕೈಯಿಂದ ಎತ್ತಿ ತೂತಿಗೆ ತೂರಿಸಿ, ಜೋತುಬಿದ್ದು ಎಳೆದೆ. ತಿರುಪು ಕಿರ್ ಎಂದು ಅರ್ಧ ಸುತ್ತು ತಿರುಗಿತು. ತಳದ ಎಲೆಯನ್ನು ಉಗುರಿನಿಂದ ಎಳೆದೆ. ಬರಲಿಲ್ಲ. ಇನ್ನರ್ಧ ಸುತ್ತು. ಬಂತು. ಒಬ್ಬ ಗಂಡಸು, ಒಬ್ಬ ಹೆಂಗಸು, ಮೇಲೆ ರೆಕ್ಕೆಯ ದೇವದೂತ. ಗಂಡಸು ಹೆಂಗಸನ್ನು ನೋಡುತ್ತಿದ್ದ. ಹೆಂಗಸು ಮೇಲೆ ನೋಡುತ್ತಿದ್ದಳು. ಅಷ್ಟೇ ಇದ್ದದ್ದು. ಕಣ್ತುಂಬ ನೋಡುವುದಕ್ಕೂ ಆಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಹಸಿ ಬಣ್ಣ ಸಂದಿಗೆ ಇಳಿಯುತ್ತಿರುವುದು ಕಣ್ಣಿಗೇ ಕಂಡಿತು. ಇರುವೆ ಸಾಲಿನಂತೆ ಇಳಿಯಿತು. ಲಂಗದ ಒಳಮಗ್ಗುಲಿನಿಂದ ಒರೆಸಿ, ಎಲೆಯನ್ನು ಒಳಗೆ ತುರುಕಿ, ಸಲಾಕೆಗೆ ಜೋತುಬಿದ್ದು ಮತ್ತೆ ಬಿಗಿ ಮಾಡಿದೆ. ಮಾಮ ಕೈ ತೊಳೆದು ಬಂದಾಗ ನಾನು ಬೀಸುತ್ತಿದ್ದೆ. "ಕೈ ನೋಯ್ತೇನು? ಬೆವತ ಬಿಟ್ಟೀಯಲ್ಲ" ಎಂದು ಬೀಸಣಿಗೆ ಇಸಿದುಕೊಂಡು, ನನಗೇ ನಾಲ್ಕು ಸಲ ಬೀಸಿದರು.

ಆ ಸಂಜೆಯೇ ಹೇಳಬಹುದಿತ್ತು. ಬಣ್ಣ ಪೂರ್ತಿ ಹೀರಿರಲಿಲ್ಲವೋ ಏನೋ. ಬಿಚ್ಚಿ, ಪಟಿಕದ ನೀರಿನಲ್ಲಿ ಒತ್ತಿದ್ದರೆ ಹೋಗುತ್ತಿತ್ತೋ ಏನೋ. ಟು ಬಿ ಫ್ರ್ಯಾಂಕ್, ನನಗೆ ಹೆದರಿಕೆ ಇದ್ದದ್ದು ಬಣ್ಣದ ಬಗ್ಗೆ ಅಲ್ಲ. ಬೆತ್ತಲೆ ಚಿತ್ರ ನೋಡಲು ಹೋದಳು ಅಂತ ಅಪ್ಪನಿಗೆ ಗೊತ್ತಾದರೆ ಕಾನ್ವೆಂಟ್ ಬಿಡಿಸುತ್ತಾರೆ ಅನ್ನುವುದೊಂದೇ.

ಮರುದಿನ ಹೊತ್ತೇರಿದ ಮೇಲೆ ಮಾಮನೇ ನಮ್ಮ ಮನೆಗೆ ಬಂದರು. ಮೈಮೇಲೆ ಹೊಸ ಕರಿ ಕೋಟು ಇರಲಿಲ್ಲ. "ಬಂಗಲಾಕ ಹೋಗೂಣು ನಡಿ ಸಣ್ಣವ್ವ, ನಾಕು ಮಾತು ಹೇಳೂದೈತಿ" ಅಂದರು. ವೆರಾಂಡಾದಲ್ಲಿ ದೊರಸಾನಿಯ ಮುಂದೆ ಗಂಟು ಬಿಚ್ಚಿ, ಎಲೆಗಳನ್ನು ಎರಡು ಪಾಲು ಮಾಡಿ ಇಟ್ಟರು. ಎಪ್ಪತ್ತಮೂರು ಎಲೆಗಳ ಪಾಲು ಮಾಣಿಕ್ಯದ ಗಟ್ಟಿಯಂತೆ ಇತ್ತು, ಕವಡೆಯಿಂದ ಉಜ್ಜಿದ ಹೊಳಪು. ಪರ್ಫೆಕ್ಟ್. ಇನ್ನೊಂದು ಪಾಲಿನಲ್ಲಿ ಐದು ಎಲೆ. ಎಲ್ಲಕ್ಕಿಂತ ಮೇಲೆ ಕುದುರೆಯ ಯುವಕ. ಅವನ ಹೆಗಲಿನಿಂದ ಎದೆಯವರೆಗೆ ಕೆಂಪು ಇಳಿದಿತ್ತು.

"ಹೇಳು ಸಣ್ಣವ್ವ. ಶಿಕಂಜಾ ಬಿಗಿ ಸಾಲಿಲ್ಲ, ನಂದ ತಪ್ಪು. ಕೆಟ್ಟದ್ದನ್ನ ನಡುವ ಮುಚ್ಚಿ ಕೊಡಬಹುದಿತ್ತು, ಕೊಡಲಿಲ್ಲ, ಬ್ಯಾರೆ ತಗದು ತೋರಿಸೀನಿ ಅಂತ ಹೇಳು."

ನಾನು ಹೇಳಿದೆ. ಕಾನ್ವೆಂಟ್ ಕಲಿಸಿದ ಸ್ಪಷ್ಟ ಉಚ್ಚಾರಣೆಯಲ್ಲಿ ಹೇಳಿದೆ. "ಹೀ ಸೇಸ್ ಇಟ್ ಈಸ್ ಹಿಸ್ ಮಿಸ್ಟೇಕ್, ಮ್ಯಾಡಮ್. ಹೀ ವಾಸ್ ಕೇರ್‌ಲೆಸ್." ಬೇರೆ ತೆಗೆದು ತೋರಿಸಿದ್ದೇನೆ ಎಂಬ ಮಾತನ್ನು ಬಿಟ್ಟೆ. ಕೇರ್‌ಲೆಸ್ ಅನ್ನುವುದು ಅವರ ಮಾತಾಗಿರಲಿಲ್ಲ, ನಾನು ಸೇರಿಸಿದ್ದು. ರಿಪೋರ್ಟ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಸಿಸ್ಟರ್ ಬರೆಯುತ್ತಿದ್ದ ಪದ ಅದು. ಉಸಿರು ಹಿಡಿದು ಎಪ್ಪತ್ತೆಂಟು ಎಲೆ ಕತ್ತರಿಸಿದ ಮನುಷ್ಯ ಪಕ್ಕದಲ್ಲಿ ಕೈಕಟ್ಟಿ ನಿಂತು, ನಾನು ಸರಿಯಾಗಿಯೇ ಹೇಳುತ್ತಿದ್ದೇನೆ ಎಂದು ತಲೆಯಾಡಿಸುತ್ತಿದ್ದರು.

ದೊರಸಾನಿ ಕೂಗಾಡಲಿಲ್ಲ. ಆ ಒಂದು ಎಲೆಯನ್ನು ಮಾತ್ರ ಎತ್ತಿಕೊಂಡಳು. ಅದರ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡಳು, ಹಸಿ ಇದೆಯೇನೋ ಎಂಬಂತೆ. ಮಾಮನ ಕಡೆ ನೋಡದೆ, "ಅವನು ಹೋಗಲಿ" ಎಂದು ನನಗೆ ಅಂದಳು. ಬಳ್ಳಾರಿಯ ಅಚ್ಚುಕೂಟದ ಮಾತು ಆ ವೆರಾಂಡಾದಲ್ಲಿ ಮತ್ತೆ ಬರಲಿಲ್ಲ. ಅವಳ ಮಗನಿಗೆ ಮಾತ್ರ ಏನೂ ಆಗಲಿಲ್ಲ. ಯುದ್ಧ ಮುಗಿದ ಮೇಲೆ ಬಂದು ತಾಯಿಯನ್ನು ಕರೆದೊಯ್ದನೆಂದು ಅಪ್ಪ ಹೇಳಿದರು.

ಮುಂದಿನ ರಜೆಗೆ ಬಂದಾಗ ಅಪ್ಪನ ಹೊಸ ರಿಜಿಸ್ಟರುಗಳ ಅಂಚು ಬೋಳಾಗಿತ್ತು. "ಉರುಕುಂದಪ್ಪ ಬಣ್ಣದ ಕೆಲಸ ಬಿಟ್ಟಾನ. ಬರೀ ಹೊಲಿಗಿ, ರಟ್ಟು. ಏನ ಹುಚ್ಚೋ ಏನೋ" ಅಂದರು ಅಪ್ಪ. ಅಂಚಿನ ಕೆಲಸಕ್ಕೆ ಅಂತಲೇ ಬರುತ್ತಿದ್ದ ಗಿರಾಕಿಗಳು ಬೇರೆಯವರ ಕಡೆ ಹೋದರು.

ಆ ವರ್ಷಗಳಲ್ಲಿ ನಾನು ನನಗೇ ಒಂದು ಕಥೆ ಹೇಳಿಕೊಂಡು ಮಲಗುತ್ತಿದ್ದೆ. ಹರಿದ ನಾಲ್ಕು ಹಾಳೆಯನ್ನು ಉಗುರಿನಿಂದ ಹಿಡಿದವರಿಗೆ ಇದು ಗೊತ್ತಾಗದೆ ಇರುತ್ತದೆಯೇ? ಎಲ್ಲ ಗೊತ್ತಿದ್ದೇ ನನ್ನನ್ನು ಉಳಿಸಿದರು, ಅವರ ಮನಸ್ಸು ಅಷ್ಟು ದೊಡ್ಡದು, ಒಳಗೊಳಗೇ ಕ್ಷಮಿಸಿಬಿಟ್ಟಿದ್ದಾರೆ, ಅಂತ. ಕಾನ್ವೆಂಟಿನಲ್ಲಿ ಕ್ಯಾಥಲಿಕ್ ಹುಡುಗಿಯರು ಶನಿವಾರ ಕನ್ಫೆಷನ್ ಪೆಟ್ಟಿಗೆಯೊಳಗೆ ಹೋಗಿ, ಐದು ನಿಮಿಷದಲ್ಲಿ ಮುಖ ತೊಳೆದವರಂತೆ ಹೊರಗೆ ಬರುವರು. ನಮಗೆ, ಲಿಂಗ ಕಟ್ಟಿಕೊಂಡ ಮನೆಯ ಹುಡುಗಿಯರಿಗೆ, ಆ ಪೆಟ್ಟಿಗೆ ಇರಲಿಲ್ಲ. ನನಗಿದ್ದದ್ದು ಈ ಕಥೆ ಒಂದೇ.

ಅದೂ ಹೋದದ್ದು ಮಾಮನನ್ನು ನಾನು ಕೊನೆಯ ಸಲ ನೋಡಿದ ದಿನ. ಮದುವೆಯಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ, ಏಳು ತಿಂಗಳು. ಮಾತಾಡಿಸಿ ಬರೋಣ ಎಂದು ಹೋದೆ. ಮಾಮ ಬಹಳ ಇಳಿದಿದ್ದರು. ಕಣ್ಣಿಗೆ ದಪ್ಪ ಕನ್ನಡಕ, ಕೈಯಲ್ಲಿ ಹೊಲಿಗೆಯ ಸೂಜಿ. ಕಂದಾಯ ಕಚೇರಿಯ ಗುಮಾಸ್ತರೊಬ್ಬರು ಎದುರಿಗೆ ಕೂತು ಗೊಣಗುತ್ತಿದ್ದರು.

"ಏ ಉರುಕುಂದಪ್ಪ, ಒಂದೀಟು ಕೆಂಪು ಬಳದ್ರ ನಿನ್ನ ಗಂಟೇನ ಹೋಗ್ತೈತಿ? ಸಾಹೇಬ್ರು ಕೇಳ್ಯಾರ."

"ಇಲ್ರಿ. ಆ ಕೆಲಸ ಬಿಟ್ಟು ಬಾಳ ದಿನ ಆತು. ಒಮ್ಮಿ ದೊರಸಾನಿ ಎಲಿ ಕೆಡಿಸೀನಿ. ತಿರುಪು ಪೂರಾ ಬಿಗಿದೀನಿ ಅಂತ ನನ್ನ ಮನಸು ಹೇಳ್ತಿತ್ತು. ಈಗೂ ಹಂಗ ಹೇಳ್ತೈತಿ ನೋಡ್ರಿ, ಕಾಲು ಊರಿ ಬಿಗಿದಿದ್ದು ಕಣ್ಣಾಗ ಐತಿ. ಆದ್ರ ಬಿಚ್ಚಿದ್ರ ಬಣ್ಣ ಒಳಗಿತ್ತು. ಮಾಡಲಾರದ್ದನ್ನ ಮಾಡೀನಿ ಅಂತ ಮನಸು ಹೇಳಾಕ ಹತ್ತಿದ ಮ್ಯಾಲ, ಅಂಥಾ ಕೆಲಸ ಹಿಡೀಬಾರದ್ರಿ."

ನಾನು ಬಾಗಿಲಲ್ಲೇ ನಿಂತಿದ್ದೆ. ಅವರಿಗೆ ಗೊತ್ತಿರಲಿಲ್ಲ. ಒಂದು ದಿನವೂ ಗೊತ್ತಿರಲಿಲ್ಲ. ಯಾರನ್ನೂ ಉಳಿಸಿರಲಿಲ್ಲ, ಯಾರನ್ನೂ ಕ್ಷಮಿಸಿರಲಿಲ್ಲ. ನನ್ನ ಮೇಲೆ ಅನುಮಾನ ಪಡುವ ಬದಲು ತಮ್ಮ ಕೈಯನ್ನೇ, ತಮ್ಮ ನೆನಪನ್ನೇ ಸುಳ್ಳು ಅಂದುಕೊಂಡು ಇಷ್ಟು ವರ್ಷ ಕೂತಿದ್ದರು.

"ಮಾಮ, ನಿನ್ನ ಮನಸು ಖರೇನ ಹೇಳ್ತೈತಿ. ನೀ ಬಿಗಿದಿದ್ದಿ. ಬಿಚ್ಚಿದಾಕಿ ನಾನು. ನೀ ಉಣ್ಣಾಕ ಹೋದಾಗ, ಆ ಎಲಿ ನೋಡಾಕ ಅಂತ ನಾ ತಿರುಪು ಸಡಲಿಸಿದೆ."

ಮಾಮ ಕನ್ನಡಕ ತೆಗೆದು ನನ್ನನ್ನು ನೋಡಿದರು. ಗುರುತು ಹಿಡಿದು ಮುಖ ಅರಳಿತು. "ಸಣ್ಣವ್ವ ಬಂದಾಳ. ಏ ಸುಂಕಮ್ಮ, ಸಣ್ಣವ್ವ ಬಂದಾಳ ನೋಡು, ತುಂಬಿದ ಬಸರಿ."

"ಮಾಮ, ನಾ ಹೇಳಿದ್ದು ಕೇಳ್ದೇನು?"

"ಕೇಳ್ದೆ ಬಿಡವ್ವ. ಆ ಸಲಾಕಿ ಎತ್ತಾಕ ನನ್ನ ಅಳಿಯ ಉಸ್ಸಂತಾನ. ಹದಿಮೂರು ವರ್ಷದ ಕೂಸು, ಹೂವಿನಂಥಾ ಕೈ. ನಿನ್ನ ಕೈಲೆ ತಿರುಗ್ತಿತ್ತೇನು?"

"ಜೋತ ಬಿದ್ದು ತಿರುಗಿಸಿದೆ ಮಾಮ. ಖರೇ ಹೇಳಾಕ ಹತ್ತೀನಿ. ಲಂಗಕ್ಕ ಬಣ್ಣ ಒರಸಿಕೊಂಡೆ."

ಮಾಮ ಗುಮಾಸ್ತರ ಕಡೆ ತಿರುಗಿದರು. ಕಣ್ಣು ತುಂಬಿ ಬಂದಿತ್ತು. "ಕೇಳಿದ್ರೇನ್ರಿ? ಸಾಹುಕಾರ್ರ ಮಗಳು. ಈ ಮುದುಕ ಇನ್ನೂ ಅದನ್ನ ಹಿಡಕೊಂಡು ಕೊರಗ್ತಾನ ಅಂತ, ತಪ್ಪು ತನ್ನ ಮ್ಯಾಲ ಹಾಕ್ಕೊಂತಾಳ. ಯಾರ ಹೇಳ್ತಾರ್ರಿ ಹಿಂಗ, ಹೆತ್ತ ಮಕ್ಕಳು ಹೇಳ್ತಾರೇನು?"

"ದೊಡ್ಡ ಮನಸ್ಸು ಬಿಡಪ. ಓದಿದ ಮಂದಿ" ಅಂದರು ಗುಮಾಸ್ತರು.

ಮೂರನೆಯ ಸಲ ಹೇಳಲು ಬಾಯಿ ತೆರೆದೆ. ಮಾಮ ಕೈ ಅಡ್ಡ ಮಾಡಿ, "ಸಾಕು ತಾಯಿ, ಬಸರಿ ಹೆಂಗಸು ಅಳಬಾರದು" ಅಂದರು. ಅಷ್ಟರಲ್ಲಿ ಸುಂಕಮ್ಮತ್ತೆ ಒಳಗಿನಿಂದ ಮೊರದಲ್ಲಿ ಅಕ್ಕಿ, ಒಂದು ತೆಂಗಿನಕಾಯಿ, ಅರಿಷಿಣ ಕುಂಕುಮ ತಂದಳು. ಹಣೆಗೆ ಕುಂಕುಮ ಹಚ್ಚಿ, "ಕೂತುರಾ, ನೀ ಕಡುಪು ಚಲ್ಲಗುಂಡಾಲಿ" ಅಂದು, ನಿನ್ನ ಒಡಲು ತಂಪಾಗಿರಲಿ ಎಂದು ತನ್ನ ತೆಲುಗಿನಲ್ಲಿ ಹರಸಿ, ಉಡಿ ತುಂಬಲು ಮೊರ ಎತ್ತಿ ನಿಂತಳು.

ನಾನು ಸೆರಗು ಒಡ್ಡಿದೆ.